ಮಗ್ಗ ನಿಂತ ದಿನವೇ ಗೊತ್ತಾಗಬೇಕು

ಗುಳೇದಗುಡ್ಡದ ಖಣಕ್ಕೆ, ಅಂದರೆ ರವಿಕೆಯ ಬಟ್ಟೆಗೆ, ಬೇಸಿಗೆಯೇ ದೊಡ್ಡ ಹಂಗಾಮು. ಮದುವೆ, ಉಡಿ ತುಂಬುವುದು, ಬೀಗರಿಗೆ ಮಾಡುವ ಮರ್ಯಾದೆ ಎಲ್ಲಕ್ಕೂ ಖಣ ಬೇಕು. ಅದರಲ್ಲಿ ದೊಡ್ಡ ಪಾಲು ಕೊಳ್ಳುವುದು ಮಹಾರಾಷ್ಟ್ರ. 2020ರ ಮಾರ್ಚ್ 25ರಂದು ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿದ್ದದ್ದು ಸರಿಯಾಗಿ ಈ ಹಂಗಾಮಿನ ಬಾಗಿಲಲ್ಲಿ. ಗಡಿ ಮುಚ್ಚಿತು, ಪೇಟೆ ಮುಚ್ಚಿತು, ನೇಯ್ದ ಮಾಲು ಮನೆಯಲ್ಲೇ ಉಳಿಯಿತು. ಮಾಲು ಹೋಗದಿದ್ದರೆ ಸಾಹುಕಾರ ನೇಯಲು ಹೊಸ ಹಾಸು (ಉದ್ದದ ಎಳೆ) ಕೊಡುವುದಿಲ್ಲ, ಹಾಸು ಇಲ್ಲದಿದ್ದರೆ ಮಜೂರಿ ಇಲ್ಲ. ಅದಕ್ಕೂ ಏಳು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ, ಮಲಪ್ರಭೆ ಉಕ್ಕಿ ಬಾದಾಮಿ ಸೀಮೆಯ ಊರುಗಳನ್ನು ನೆನೆಸಿ ಹೋಗಿತ್ತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇದು ಬಂತು.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ, ಅದನ್ನು ಹೇಳಲೇಬೇಕು. ಪಡಿತರದ ಅಕ್ಕಿ ಬಂತು. ಜನಧನ್ ಖಾತೆಯಿದ್ದ ಹೆಣ್ಣುಮಕ್ಕಳಿಗೆ ಕೇಂದ್ರದಿಂದ ಮೂರು ತಿಂಗಳು 500 ರೂಪಾಯಿ ಬಂತು. ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ನೇಕಾರ ಸಮ್ಮಾನ್ ಹೆಸರಿನಲ್ಲಿ 54 ಸಾವಿರ ಕೈಮಗ್ಗ ನೇಕಾರರಿಗೆ ತಲಾ 2,000 ರೂಪಾಯಿ ಎಂದಾಯಿತು. ಆ ಪಟ್ಟಿಯಲ್ಲಿ ವಿದ್ಯುತ್ ಮಗ್ಗದವರಿರಲಿಲ್ಲ. ಕೂಗು ಎದ್ದ ಮೇಲೆ 1.25 ಲಕ್ಷ ವಿದ್ಯುತ್ ಮಗ್ಗ ಕಾರ್ಮಿಕರಿಗೂ ಅಷ್ಟೇ ಮೊತ್ತ ಎಂಬ ಮಾತು ಬಂತು. ಎರಡನೇ ಅಲೆಯಲ್ಲೂ ಇದೇ ಕಥೆ: 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಬಿಟ್ಟುಹೋದ ವಿದ್ಯುತ್ ಮಗ್ಗದವರು ಜೂನ್ ತಿಂಗಳ ಪ್ಯಾಕೇಜಿಗೆ ಕಾಯಬೇಕಾಯಿತು.

ಮಗ್ಗ ನಿಂತದ್ದಕ್ಕೂ ಮೊದಲ ಘೋಷಣೆಗೂ ನಡುವೆ ಆರು ವಾರ. ಘೋಷಣೆಯಾದ ಮೇಲೆ ಅರ್ಜಿ, ಆಧಾರ್ ಜೋಡಣೆ, ಬ್ಯಾಂಕು. ವಾರದ ಬಟವಾಡೆಯ ಮೇಲೆ ಒಲೆ ಹೊತ್ತಿಸುವ ಮನೆಗೆ ಆರು ವಾರ ಎಂದರೆ ಎಷ್ಟು ಸಾಲ ಎಂದು ಈ ಊರಿನವರಿಗೆ ಹೇಳಬೇಕಿಲ್ಲ. ಅದೇ ಪ್ಯಾಕೇಜಿನಲ್ಲಿ ನೇಕಾರರ ಸಾಲ ಮನ್ನಾಕ್ಕೆ 109 ಕೋಟಿ ಇತ್ತು. ಆದರೆ ಸಂಘ, ಬ್ಯಾಂಕುಗಳಲ್ಲಿ ಸಾಲವಿದ್ದವರಿಗೆ ಮಾತ್ರ ಮನ್ನಾ. ಸಾಹುಕಾರನ ಮುಂಗಡ ಯಾವ ಮನ್ನಾದಲ್ಲೂ ಬರುವುದಿಲ್ಲ.

ಇನ್ನು ಪಟ್ಟಿಯ ಮಾತು. ಖಣ ಒಬ್ಬರ ಕೈಯಲ್ಲಿ ಹುಟ್ಟುವ ಬಟ್ಟೆಯಲ್ಲ. ಬಣ್ಣ ಹಾಕುವವರು ಬೇರೆ, ಹಾಸು ಹೂಡುವವರು ಬೇರೆ, ಎಳೆ ಕೂಡಿಸುವವರು ಬೇರೆ. ಲಾಳಿಗೆ ನೂಲಿನ ಕಂಡಕಿ ಸುತ್ತುವವಳು ಮನೆಯ ಹೆಂಡತಿಯೋ ಮಗಳೋ ಅತ್ತೆಯೋ. ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ನೂರಕ್ಕೆ 72 ಮಂದಿ ಹೆಣ್ಣುಮಕ್ಕಳು. ಆದರೆ ಮಜೂರಿ ಎಣಿಸಿಕೊಳ್ಳುವುದು ಮನೆಯ ಗಂಡಸು. ಅವಳ ಹೆಸರಿನಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಚೀಟಿ ಇಲ್ಲದವಳು ತಾನು ಕೆಲಸ ಕಳೆದುಕೊಂಡೆ ಎಂದು ಯಾವ ಕಚೇರಿಯಲ್ಲಿ ಸಾಬೀತು ಮಾಡಬೇಕು? ಇಳಕಲ್ಲಿನ ಸೀರೆ ನೇಯುವ ಮನೆಗಳಿಗೂ ಇದೇ ಪ್ರಶ್ನೆ.

ಕಾರ್ಖಾನೆಯ ಕಾರ್ಮಿಕನ ಗತಿ ಇಷ್ಟು ಕೆಟ್ಟಿರಲಿಲ್ಲ. ಇಎಸ್‌ಐ ಅಡಿ ಬರುವವರಿಗೆ ಕೆಲಸ ಹೋದಾಗ ಸಿಗುತ್ತಿದ್ದ ಭತ್ಯೆಯನ್ನು 2020ರ ಆಗಸ್ಟ್‌ನಲ್ಲಿ ಸರಾಸರಿ ಕೂಲಿಯ ಶೇ 25ರಿಂದ 50ಕ್ಕೆ ಏರಿಸಿದರು. ವ್ಯವಸ್ಥೆ ಮೊದಲೇ ಇದ್ದಲ್ಲಿ ಅದನ್ನು ಹಿಗ್ಗಿಸುವುದು ಸುಲಭ. ಮನೆಯೊಳಗಿನ ಕುಣಿಮಗ್ಗಕ್ಕೆ ಹಿಗ್ಗಿಸಲು ಏನೂ ಇರಲಿಲ್ಲ. ಇದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ಅದೇ ವರ್ಷದ ಜುಲೈನಲ್ಲಿ, ಸೋಂಕು ಏರುತ್ತಿರುವಾಗಲೇ, ಕೇಂದ್ರ ರದ್ದು ಮಾಡಿತು. ನೇಕಾರರು ದಿಲ್ಲಿಯಲ್ಲಿ ತಮ್ಮ ಮಾತು ಹೇಳಲು ಇದ್ದ ಒಂದು ಪೀಠ ಹೋಯಿತು. ಅದಕ್ಕೆ ಹೊತ್ತು ಅದಾಗಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ.

2020ರಲ್ಲಿ ಸಂಸತ್ತು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಸಾಂಕ್ರಾಮಿಕದ ಮಾತು ಇದೆ, 144ನೇ ಕಲಮಿನಲ್ಲಿ. ಪಿಎಫ್, ಇಎಸ್‌ಐ ವಂತಿಗೆಯನ್ನು ಒಮ್ಮೆಗೆ ಮೂರು ತಿಂಗಳವರೆಗೆ ಮುಂದೂಡಬಹುದು ಅಥವಾ ಇಳಿಸಬಹುದು ಎನ್ನುತ್ತದೆ ಅದು. ವಂತಿಗೆಯನ್ನೇ ಕಟ್ಟದ ಮನೆ ನೇಕಾರನಿಗೆ ಇದರಿಂದ ಏನು ಬಂತು? ಮಹಾಮಾರಿಯ ಅನುಭವದ ನಡುವೆಯೇ ಬರೆದ ಕಾನೂನು ಅದು. ಇನ್ನೊಂದು ರೋಗ ಬಂದರೆ ಗುಳೇದಗುಡ್ಡ ಮತ್ತೆ ಪ್ಯಾಕೇಜಿಗೇ ಕಾಯುತ್ತದೆ. ನಮ್ಮ ಎಚ್ಚರಿಕೆ ಇದೇ.

ನೇಕಾರ ಸಮ್ಮಾನ್ ಮೊತ್ತ ಆಮೇಲೆ 5,000 ರೂಪಾಯಿಗೆ ಏರಿದೆ. ಸ್ವಾಗತ. ಆದರೆ ಅದು ವರ್ಷಕ್ಕೊಮ್ಮೆ ಬರುವ ಗೌರವಧನ. ಮಗ್ಗ ನಡೆದರೂ ಅಷ್ಟೇ, ನಿಂತರೂ ಅಷ್ಟೇ.

ಆಫ್ರಿಕಾದ ಪುಟ್ಟ ಬಡ ದೇಶ ಟೋಗೊ 2020ರ ಏಪ್ರಿಲ್‌ನಲ್ಲೇ ನೊವಿಸ್ಸಿ ಎಂಬ ಯೋಜನೆ ತಂದು, ಮತದಾರರ ದಾಖಲೆ ನೋಡಿ, ಕೂಲಿ ಕಳೆದುಕೊಂಡವರ ಮೊಬೈಲಿಗೇ ಹಣ ಹಾಕಿತು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಕೊಟ್ಟಿತು. ನಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಹೋಗುತ್ತಿದೆ. ರಾಜ್ಯದ ಕುಟುಂಬ ದತ್ತಾಂಶದಲ್ಲಿ ಮನೆಮನೆಯ ವಿವರವಿದೆ. ಹಣ ಹೋಗುವ ಕಾಲುವೆ ತೋಡಿ ಆಗಿದೆ. ಯಾವ ಮನೆಯ ಮಗ್ಗ ನಿಂತಿದೆ ಎಂದು ಹೇಳುವವರು ಬೇಕಾಗಿದ್ದಾರೆ.

ಅದನ್ನು ಜಿಲ್ಲೆಯೇ ಮಾಡಬಹುದು. ಗುಳೇದಗುಡ್ಡ ಪುರಸಭೆ, ಇಳಕಲ್ ನಗರಸಭೆ, ಕೈಮಗ್ಗ ಮತ್ತು ಜವಳಿ ಇಲಾಖೆ ಕೂಡಿ ವಾರ್ಡುವಾರು ಮಗ್ಗಗಳನ್ನೂ ಮಗ್ಗದ ಸುತ್ತ ದುಡಿಯುವ ಪ್ರತಿಯೊಬ್ಬರನ್ನೂ, ಕಂಡಕಿ ಸುತ್ತುವ ಮುದುಕಿಯನ್ನೂ ಸೇರಿಸಿ, ಅವರವರ ಹೆಸರಿನಲ್ಲೇ ಬರೆದುಕೊಳ್ಳಲಿ. ಮುಂದಿನ ಗಣತಿಗೆ ಕಾಯುವುದು ಬೇಡ. ಜ್ವರದ ಲೆಕ್ಕ ಆರೋಗ್ಯ ಇಲಾಖೆಗೆ ಹೋಗುವಂತೆ, ಹಾಸು ಸಿಗದೆ ನಿಂತ ಮಗ್ಗಗಳ ಲೆಕ್ಕವೂ ವಾರವಾರ ಜಿಲ್ಲಾಧಿಕಾರಿಗೆ ಹೋಗಲಿ. ಮತ್ತು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಲಿ: ಆರೋಗ್ಯ ತುರ್ತುಸ್ಥಿತಿಯಲ್ಲಿ ಪೇಟೆ ಮುಚ್ಚಿಸಿದ ಏಳನೇ ದಿನದೊಳಗೆ, ಅರ್ಜಿ ಕೇಳದೆ, ಕೈಮಗ್ಗ–ವಿದ್ಯುತ್ ಮಗ್ಗ ಎಂದು ಭೇದ ಮಾಡದೆ, ಪಟ್ಟಿಯಲ್ಲಿರುವ ಪ್ರತಿ ದುಡಿಮೆಗಾರನ ಹಾಗೂ ದುಡಿಮೆಗಾರ್ತಿಯ ಖಾತೆಗೆ ಒಂದು ವಾರದ ಮಜೂರಿ, ಪೇಟೆ ತೆರೆಯುವವರೆಗೆ ಪ್ರತಿ ವಾರ.