ಬಿಸಿಲೂರಿನ ತಾಯಿ, ತಂಪೂರಿನ ತಾರಸಿ

ಬೆಂಗಳೂರಿನವರು ಬಿಸಿಲನ್ನು ಕುರಿತು ದೂರುವಾಗ ನನಗೆ ಒಳಗೊಳಗೇ ನಗು ಬರುತ್ತಿದ್ದ ಕಾಲವೊಂದಿತ್ತು. ನಾನು ಹುಟ್ಟಿ ಬೆಳೆದದ್ದು ರಾಯಚೂರಿನ ಸೀಮೆಯಲ್ಲಿ. ನಮ್ಮ ಕಡೆಯಲ್ಲಿ ಋತುಗಳು ಆರಲ್ಲ, ಎರಡೇ, ಬೇಸಗೆ ಮತ್ತು ಕಡುಬೇಸಗೆ, ಎಂದು ತಮಾಷೆ ಮಾಡುವುದುಂಟು. ಕಾಳಿದಾಸನು ‘ಋತುಸಂಹಾರ’ವನ್ನು ಗ್ರೀಷ್ಮದ ವರ್ಣನೆಯಿಂದಲೇ ಪ್ರಾರಂಭಿಸಿದ್ದಾನೆಂದು ತರಗತಿಯಲ್ಲಿ ಹೇಳುವಾಗಲೆಲ್ಲ, ಆ ಮಹಾಕವಿ ಒಮ್ಮೆ ನಮ್ಮೂರಿಗೆ ಬಂದಿದ್ದರೆ ಉಳಿದ ಐದು ಋತುಗಳ ಗೋಜಿಗೇ ಹೋಗುತ್ತಿರಲಿಲ್ಲವೆಂದು ಸೇರಿಸುತ್ತಿದ್ದೆ. ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. 2024ರ ಏಪ್ರಿಲ್ ತಿಂಗಳು ಆ ನಗೆಯನ್ನು ನನ್ನಿಂದ ಕಸಿದುಕೊಂಡಿತು.

ಆ ವರ್ಷ ಯುಗಾದಿ ಕಳೆದ ಮೇಲೆ ನನ್ನ ತಾಯಿ ಊರಿನಿಂದ ನಮ್ಮ ಮನೆಗೆ ಬಂದರು. ನಾನೇ ಒತ್ತಾಯ ಮಾಡಿ ಕರೆಸಿಕೊಂಡಿದ್ದೆ. “ಅಲ್ಲಿಯ ಉರಿಯಲ್ಲಿ ಏಕೆ ಬೇಯುತ್ತೀ? ಇಲ್ಲಿ ತಂಪಾಗಿ ಇರು” ಎಂದು ದೂರವಾಣಿಯಲ್ಲಿ ಹೇಳಿದ್ದು ನನ್ನ ನೆನಪಿನಲ್ಲಿ ಇನ್ನೂ ಚುಚ್ಚುತ್ತಿದೆ. ನಮ್ಮದು ಮೂರು ಅಂತಸ್ತಿನ ಕಟ್ಟಡದ ಕೊನೆಯ ಮಹಡಿ. ಮೇಲೆ ಬೋಳು ತಾರಸಿ. ಅದರ ಮೇಲೆ ನನ್ನ ಇಪ್ಪತ್ತು ಕುಂಡಗಳ ತೋಟ. ಅದರ ಮೇಲೆ ಸೂರ್ಯನಾರಾಯಣ. ನಡುವೆ ಮರದ ಒಂದು ಎಲೆಯೂ ಇಲ್ಲ.

ಏಪ್ರಿಲ್ 28, ಭಾನುವಾರ. ಅಂದು ಬೆಂಗಳೂರಿನ ಉಷ್ಣಮಾನ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾದದ್ದುಂಟು, ಆದರೆ ಈ ನಗರ ಅಷ್ಟು ಕಾಯುವುದು ಬಹಳ ಅಪರೂಪ. ಹವಾಮಾನ ಇಲಾಖೆಯ ಲೆಕ್ಕದಂತೆ ಬಯಲು ಸೀಮೆಯಲ್ಲಿ ಉಷ್ಣಮಾನ 40 ಡಿಗ್ರಿಯನ್ನಾದರೂ ಮುಟ್ಟದಿದ್ದರೆ ಅದನ್ನು ಬಿಸಿಗಾಳಿಯೆಂದು ಸಾರುವಂತಿಲ್ಲ. ಆದರೆ ಮನುಷ್ಯನ ದೇಹ ಇಲಾಖೆಯ ಪ್ರಕಟಣೆಯನ್ನು ಕಾಯುವುದಿಲ್ಲ. ಆ ಸಾಯಂಕಾಲ ಹಾಸಿಗೆಯಿಂದ ಎದ್ದ ತಾಯಿ ಎರಡು ಹೆಜ್ಜೆ ಇಟ್ಟು, ಬಾಗಿಲ ಚೌಕಟ್ಟನ್ನು ಹಿಡಿಯಹೋಗಿ, ಹಿಡಿಯಲಾರದೆ ಕುಸಿದು ಕುಳಿತುಬಿಟ್ಟರು. ಮೈ ಬೆವೆತು ತಣ್ಣಗಾಗಿತ್ತು. ನಾಲಗೆ ಒಣಗಿ ಮಾತು ಹೊರಡದು. ನಲವತ್ತರ ಮೇಲಣ ಬಿಸಿಲಿನಲ್ಲಿ ಹತ್ತಿ ಬಿಡಿಸಿದ ಜೀವ, ಮೂವತ್ತೆಂಟರ ನೆರಳಿನಲ್ಲಿ ಬಸವಳಿದಿತ್ತು.

ವೈದ್ಯರು ಬಂದು ನೋಡಿದರು. ದೇಹದಲ್ಲಿ ನೀರು ಮತ್ತು ಲವಣ ಕಡಮೆಯಾದದ್ದೇ ಕಾರಣವೆಂದರು. ಕಾಲುಗಳನ್ನು ತುಸು ಎತ್ತರದಲ್ಲಿಟ್ಟು ಮಲಗಿಸಿ, ಮೈಗೆ ಒದ್ದೆಯ ಬಟ್ಟೆ ಸುತ್ತಿ, ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ರಾತ್ರಿ ಒಂಬತ್ತರ ಹೊತ್ತಿಗೆ ಅವರು ನನ್ನ ಮುಖ ನೋಡಿ ನಕ್ಕರು.

“ನೀರು ಏಕೆ ಕುಡಿಯಲಿಲ್ಲವಮ್ಮಾ?” ಎಂದು ಕೇಳಿದೆ.

“ನೀವು ಗಂಡ ಹೆಂಡತಿ ದಿನಾ ಬಕೀಟು ಎಣಿಸೂದು ನೋಡಿದೆ. ಒಂದು ಬಾಯಿ ಹೆಚ್ಚಾದ್ರ ನಿಮಗ ತ್ರಾಸ ಅಂತ ಕುಡಿಯೂದು ಕಮ್ಮಿ ಮಾಡಿದ್ದೆ” ಎಂದರು.

ಆ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿಹೋಗಿದ್ದುದು ವಾಚಕರಿಗೆ ನೆನಪಿರಬಹುದು. ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಮಾರ್ಚ್ ತಿಂಗಳಿನಲ್ಲೇ ಆಜ್ಞೆಯಾಗಿತ್ತು. ನಮ್ಮ ಕಟ್ಟಡಕ್ಕೂ ಟ್ಯಾಂಕರು ಬಂದ ದಿನವೇ ಹಬ್ಬ. ನಾವು ಬಕೆಟ್ ಎಣಿಸುತ್ತಿದ್ದೆವು. ಆಕೆ ತನ್ನ ಗುಟುಕುಗಳನ್ನು ಎಣಿಸುತ್ತಿದ್ದರು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಮಂದವಾಗುತ್ತದೆಂದು ವೈದ್ಯರು ಹೇಳಿದರು. ಬಾಯಾರಿಕೆಯಾಗುವವರೆಗೆ ಕಾಯದೆ, ಹೊತ್ತು ಹೊತ್ತಿಗೆ ನಾವೇ ಲೋಟ ಹಿಡಿದು ನಿಲ್ಲಬೇಕಂತೆ. ಎಂ.ಎ. ಓದಿದ ಮಗನಿಗೆ ಇದು ತಿಳಿದಿರಲಿಲ್ಲ.

ಮರುದಿನದಿಂದ ತಾಯಿ ರೋಗಿಯಾಗಿ ಉಳಿಯಲಿಲ್ಲ, ಉಪಾಧ್ಯಾಯಿನಿಯಾದರು. ಮಲಗಿದಲ್ಲಿಂದಲೇ ಮೇಲ್ಛಾವಣಿಯನ್ನು ನೋಡಿ, “ಈ ಮನಿ ರಾತ್ರೆಲ್ಲಾ ಉಸಿರು ಬಿಡತದ” ಎಂದರು. ಮಾತು ಅಕ್ಷರಶಃ ನಿಜ. ನಮ್ಮೂರಿನ ಮಣ್ಣಿನ ಮಾಳಿಗೆಯ ಮನೆಯ ಗೋಡೆ ಒಂದೂವರೆ ಮೊಳ ದಪ್ಪ. ಹಗಲಿನ ಕಾವು ಆ ಗೋಡೆಯನ್ನು ಹಾಯ್ದು ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ಗಾಳಿ ತಂಪಾಗಿರುತ್ತದೆ. ಮನೆಯವರೂ ಅಷ್ಟು ಹೊತ್ತಿಗೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಕಾಂಕ್ರೀಟಿನ ಗೇಣುದ್ದದ ತಾರಸಿ ಮಧ್ಯಾಹ್ನ ಕುಡಿದ ಬಿಸಿಲನ್ನು ಸಾಯಂಕಾಲದಿಂದ ನಡುರಾತ್ರಿಯವರೆಗೆ ನಮ್ಮ ತಲೆಯ ಮೇಲೆಯೇ ಸುರಿಯುತ್ತದೆ. ಊರಿನಲ್ಲಿ ಬಿಸಿಲು ಹೊರಗಿತ್ತು. ಇಲ್ಲಿ ಅದನ್ನು ನಾವು ಮನೆಯೊಳಗೆ ಸಾಕಿಕೊಂಡಿದ್ದೆವು. ರಾತ್ರಿಯಲ್ಲಿ ದೇಹಕ್ಕೆ ವಿಶ್ರಾಂತಿ ಸಿಗದಿದ್ದರೆ ಹಗಲಿನ ದಣಿವು ಸಾಲದ ಬಡ್ಡಿಯಂತೆ ದಿನದಿನಕ್ಕೆ ಬೆಳೆಯುತ್ತದೆ.

ಮೊದಲ ಕೆಲಸ ತಾರಸಿಗೆ ಸುಣ್ಣ ಬಳಿದದ್ದು. ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದೆವು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಕಪ್ಪು ಮೈ ಅತಿಥಿಸತ್ಕಾರ ಮಾಡಿ ಒಳಗೆ ಕರೆಯುತ್ತದೆ. ಎರಡನೆಯದು, ಕಿಟಕಿಗಳ ವಿಷಯ. ಗಾಳಿ ಬರಲೆಂದು ನಾವು ಹಗಲೆಲ್ಲ ತೆರೆದಿಡುತ್ತಿದ್ದೆವು. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಕಿಟಕಿ ತೆರೆಯುವುದೆಂದರೆ ಒಲೆಯ ಬಾಯಿ ತೆರೆದಂತೆ. ಬೆಳಗ್ಗೆ ಒಂಬತ್ತಕ್ಕೆ ಮುಚ್ಚಿ, ಕತ್ತಲಾಗಿ ಗಾಳಿ ತಣಿದ ಮೇಲೆ ಎದುರು ಬದುರಿನ ಕಿಟಕಿಗಳನ್ನು ತೆರೆಯತೊಡಗಿದೆವು. ಪಡುವಣ ಕಿಟಕಿಗೆ ಒಳಗಡೆ ಪರದೆ ಹಾಕಿದ್ದನ್ನು ತಾಯಿ ಒಪ್ಪಲಿಲ್ಲ. ಬಿಸಿಲು ಗಾಜನ್ನು ದಾಟಿ ಬಂದ ಮೇಲೆ ತಡೆದರೆ ಏನು ಫಲ? ಹೊರಗಡೆ ಲಾವಂಚದ ತಟ್ಟಿಯನ್ನು ಇಳಿಬಿಟ್ಟು, ಅಕ್ಕಿ ತೊಳೆದ ನೀರನ್ನು ಸೋಸಿ ಅದಕ್ಕೆ ಚಿಮುಕಿಸಿದೆವು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ, ಬೆವರು ನಮ್ಮ ಮೈಯನ್ನು ತಣಿಸುವುದೂ ಇದೇ ನ್ಯಾಯದಿಂದ. ಈ ಉಪಾಯ ಒಣಹವೆಯ ಊರುಗಳಿಗೆ ಹೇಳಿದ್ದು. ಮಂಗಳೂರು ಕಾರವಾರಗಳ ತೇವದ ಗಾಳಿಯಲ್ಲಿ ಬೆವರೇ ಆರುವುದಿಲ್ಲವಾಗಿ ಅಲ್ಲಿ ತಟ್ಟಿ ನೆನಸಿದರೆ ಸೆಕೆ ಹೆಚ್ಚೀತು.

ವಿದ್ಯುತ್ ಪಂಖದ ಬಗೆಗೂ ಒಂದು ಮಾತು. ನಮ್ಮ ಚರ್ಮದ ಉಷ್ಣಮಾನ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದಾಗ, ಬೆವರಿಲ್ಲದ ಒಣಮೈಗೆ ಬೀಸುವ ಪಂಖ ತಂಪನ್ನು ತರುವುದಿಲ್ಲ, ಕಾವನ್ನು ತರುತ್ತದೆ. ಕೈಕಾಲು ಮುಖಗಳನ್ನು ಒದ್ದೆ ಮಾಡಿಕೊಂಡು ಅದರ ಕೆಳಗೆ ಕುಳಿತರೆ ಮಾತ್ರ ಪ್ರಯೋಜನ.

ಕುಡಿಯುವ ವಿಷಯದಲ್ಲಿ ನಮ್ಮ ಹಿರಿಯರಿಂದ ಕಲಿಯಬೇಕಾದುದು ಬಹಳವಿದೆ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ, ರಾಗಿಯ ಅಂಬಲಿ, ಇವೆಲ್ಲ ಬಾಯಿಚಪಲಕ್ಕೆ ಹುಟ್ಟಿದವಲ್ಲ; ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ದೇಹಕ್ಕೆ ಮರಳಿ ಕೊಡುತ್ತವೆ. ಬಸವಳಿದವರಿಗೆ ಕೊಡುವ ನೀರಿನ ಅಳತೆಯನ್ನು ಪ್ರತಿ ಗೃಹಿಣಿಯೂ ಅಡುಗೆಮನೆಯ ಗೋಡೆಗೆ ಬರೆದಿಡುವುದು ಲೇಸು: ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಸಮತಟ್ಟಾದ 6 ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ಆದರೆ ಮೈ ಕೆಂಡದಂತೆ ಸುಡುತ್ತ, ಮಾತು ತಡವರಿಸಿ, ಬುದ್ಧಿ ಮಂಕಾದರೆ ಅದು ಬೇರೆಯೇ ಅಪಾಯ. ಆಗ ಮನೆಮದ್ದಿಗೆ ಹೊತ್ತಿಲ್ಲ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಇನ್ನು ನನ್ನ ತೋಟದ ಕಥೆ. ಮಧ್ಯಾಹ್ನದಲ್ಲಿ ದುಂಡುಮಲ್ಲಿಗೆಯ ಎಲೆಗಳು ಜೋತುಬಿದ್ದದ್ದನ್ನು ಕಂಡು, ಮರುಗಿ, ಬಟ್ಟೆ ಒಗೆದು ಉಳಿದ ನೀರನ್ನೆಲ್ಲ ಅದಕ್ಕೇ ಸುರಿಯುತ್ತಿದ್ದೆ. ವಾರದಲ್ಲಿ ಗಿಡ ಹಳದಿಯಾಗಿ ಸತ್ತಿತು. ತಾಯಿ ಅದನ್ನು ಕಿತ್ತು ಬೇರು ತೋರಿಸಿದರು, ಕೊಳೆತು ಕಪ್ಪಾಗಿತ್ತು. ನಡುಹಗಲಿನಲ್ಲಿ ಗಿಡ ಎಲೆ ಇಳಿಬಿಡುವುದು ನೀರಿನ ಖರ್ಚನ್ನು ತಗ್ಗಿಸಲು ಅದು ಹೂಡುವ ಉಪಾಯ. ಸಂಜೆಗೆ ತಾನಾಗಿ ತಲೆ ಎತ್ತಿದರೆ ಅದಕ್ಕೆ ಬಾಯಾರಿಕೆಯಿಲ್ಲ. ಬೆಳಗ್ಗೆಯೂ ಬಾಡಿದ್ದರೆ ಮಾತ್ರ ನೀರು ಬೇಕು. ಮಣ್ಣಿನೊಳಗೆ ಬೆರಳಿಟ್ಟು ನೋಡಿದರೆ ಸಂದೇಹ ತೀರುತ್ತದೆ. ಬಾಯಿ ಬಿಟ್ಟು ಕೇಳದ ತಾಯಿಗೆ ನೀರು ಕೊಡಲಿಲ್ಲ. ಬೇಡವೆಂದ ಗಿಡಕ್ಕೆ ಸುರಿದೆ. ಎರಡೂ ಒಂದೇ ತಪ್ಪು: ನೋಡಿದೆ, ವಿಚಾರಿಸಲಿಲ್ಲ.

ಉಳಿದ ಹತ್ತೊಂಬತ್ತು ಗಿಡಗಳನ್ನು ತಾಯಿ ಉಳಿಸಿದರು. ಕುಂಡದಲ್ಲಿ ಬೆಳೆದ ಗಿಡಕ್ಕೆ ಬಿಸಿಲಿಗಿಂತ ಕಾದ ಕುಂಡದ ಗೋಡೆಯೇ ಶತ್ರು. ಬೇರು ಅಲ್ಲಿ ಬೇಯುತ್ತದೆ. ಆದ್ದರಿಂದ ಕುಂಡಗಳನ್ನೆಲ್ಲ ಒತ್ತೊತ್ತಾಗಿ ಗುಂಪುಗೂಡಿಸಿ, ಹೊರಸಾಲಿಗೆ ಒದ್ದೆ ಗೋಣಿ ಸುತ್ತಿ, ಹಳೆಯ ಪಂಚೆಯೊಂದನ್ನು ಮೇಲೆ ಚಪ್ಪರದಂತೆ ಕಟ್ಟಿದರು. ಮಣ್ಣಿನ ಮೇಲೆ ಎರಡು ಅಂಗುಲ ತೆಂಗಿನ ನಾರು, ಒಣಗಿದ ತರಗೆಲೆ. ಬಸಳೆಯ ದೊಡ್ಡ ಕುಂಡದಲ್ಲಿ ಸುಣ್ಣ ಬಣ್ಣ ಬಳಿಯದ ಪುಟ್ಟ ಮಡಕೆಯೊಂದನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿದರು. ಮಡಕೆ ಬೆವರುತ್ತ ಬೇರಿಗೆ ಬೇಕಾದಷ್ಟನ್ನೇ ಕೊಡುತ್ತ ಹೋಯಿತು. ನೀರು ಹಾಕುವುದು ಸೂರ್ಯೋದಯಕ್ಕೆ ಮುಂಚೆ. ಅದೂ ತರಕಾರಿ ತೊಳೆದ ನೀರು.

ಒಂದು ಮಧ್ಯಾಹ್ನ, ಮನೆಗೆಲಸದ ಹೆಂಗಸು ಎಂದಿನಂತೆ ಒಂದು ಗಂಟೆಗೆ ಬಂದಳು. ಪಾತ್ರೆಗಳ ಮುಂದೆ ಕುಳಿತವಳನ್ನು ತಾಯಿ ಬಹಳ ಹೊತ್ತು ನೋಡಿ, “ಈಕಿ ಮನಿ ಮ್ಯಾಲೆ ಏನದ?” ಎಂದು ಕೇಳಿದರು. “ತಗಡು” ಎಂದಳು ಆಕೆ. ತಾಯಿ ನನ್ನ ಕಡೆಗೆ ತಿರುಗಿದರು, ಏನೂ ಹೇಳಲಿಲ್ಲ. 2025ರ ಬೇಸಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆದವು. ಗುಮಾಸ್ತನಿಗೆ ಸಲ್ಲುವ ನ್ಯಾಯ ಪಾತ್ರೆ ತೊಳೆಯುವವಳಿಗೂ ಸಲ್ಲಬೇಡವೇ? ಮರುದಿನದಿಂದ ಆಕೆಯ ಕೆಲಸವನ್ನು ಬೆಳಗ್ಗೆ ಏಳಕ್ಕೆ ಗೊತ್ತುಮಾಡಿದೆವು. ನಮ್ಮ ನಿದ್ರೆ ತುಸು ಕಡಮೆಯಾಯಿತು, ಅಷ್ಟೆ. ಉಳಿದ ಸುಣ್ಣವನ್ನು ಆಕೆಯ ಮನೆಯ ತಗಡಿಗೆ ಬಳಿಯಲು ಕಳುಹಿಸಿದೆವು.

ಇದು ಭೂತದಯೆಯ ಮಾತು ಮಾತ್ರವಲ್ಲ, ಜೀವದ ಲೆಕ್ಕ. 2010ರ ಮೇ ತಿಂಗಳಿನ ಬಿಸಿಗಾಳಿಯಲ್ಲಿ ಅಹಮದಾಬಾದು ನಗರವೊಂದರಲ್ಲೇ ಸಹಜಕ್ಕಿಂತ 1,300ಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ಆಮೇಲೆ ಲೆಕ್ಕ ಹಾಕಿದರು. ಆ ನಗರ ಪಾಠ ಕಲಿತು 2013ರಲ್ಲಿ ಬಿಸಿಗಾಳಿಯನ್ನು ಎದುರಿಸುವ ಯೋಜನೆಯೊಂದನ್ನು ರೂಪಿಸಿತು. ಮುನ್ನೆಚ್ಚರಿಕೆ, ಕುಡಿಯುವ ನೀರು, ನೆರಳು, ಇವೇ ಅದರಲ್ಲಿ ಮುಖ್ಯ. ನಮ್ಮ ಶಾಸನಗಳಲ್ಲಿ ಕೆರೆ ಬಾವಿಗಳ ಜೊತೆಗೆ ಅರವಟ್ಟಿಗೆಯ ಹೆಸರೂ ಬರುತ್ತದೆ. ಆ ಶಬ್ದವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ, ಅರವಟ್ಟಿಗೆಯೊಂದನ್ನು ಇಟ್ಟಿರಲಿಲ್ಲ.

ಮೇ ತಿಂಗಳ ಮೊದಲ ವಾರದಲ್ಲಿ ಒಂದು ಸಂಜೆ ಮಳೆ ಬಂತು. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎನ್ನುತ್ತ ತಾಯಿ ತಾರಸಿಯಲ್ಲಿ ನೆನೆದರು. ತಿಂಗಳ ಕೊನೆಗೆ ಊರಿಗೆ ಹೊರಟು ನಿಂತರು. “ಇನ್ನೂ ಕೆಲವು ದಿನ ಇರಬಾರದೇ?” ಎಂದೆ. “ನಮ್ಮೂರಾಗ ತಂಪದ ಬಿಡಪ್ಪಾ” ಎಂದರು. ಈ ಸಲ ನಾನು ನಗಲಿಲ್ಲ. ಬಾಗಿಲ ಬಳಿ ಕೆಂಪು ಗಡಿಗೆಯೊಂದು ಇಂದಿಗೂ ಇದೆ. ಅಂಚೆಯವನು, ಸಾಮಾನು ತಲುಪಿಸುವ ಹುಡುಗರು, ಹೂವಿನವಳು ಅದರಿಂದ ನೀರು ಕುಡಿದು ಹೋಗುತ್ತಾರೆ. ಲೋಟಗಳನ್ನು ನಾವು ಎಣಿಸುವುದಿಲ್ಲ.