ಜೀವಕೋಶದ ಹಣೆಬರಹ

ಕೆಲವು ವರ್ಷಗಳ ಹಿಂದೆ ಬಾಬುರಾಯನಕೊಪ್ಪಲಿನ ನನ್ನ ಕ್ಲಿನಿಕ್ಕಿಗೆ ಒಬ್ಬ ಅತ್ತೆ ತಮ್ಮ ಸೊಸೆಯನ್ನು ಕರೆತಂದರು. ಹೊಟ್ಟೆಯಲ್ಲಿದ್ದ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿಲ್ಲವೆಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿತ್ತು. "ಗ್ರಾಣದ್ ದಿನ ಒಳ್ಗಿರವ್ವ ಅಂದ್ರೆ ಕೇಳ್ನಿಲ್ಲ ಡಾಕ್ಟ್ರೇ, ಈಳ್ಗೆಮಣೆ ಮುಟ್ಬುಟ್ಲು" ಎಂದರು ಅತ್ತೆ. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಗ್ರಹಣ ಬಂದದ್ದು ಆಕೆಗೆ ನಾಲ್ಕು ತಿಂಗಳಾಗಿದ್ದಾಗ. ಆದರೆ ಭ್ರೂಣದ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಈಳಿಗೆಮಣೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಆ 28 ದಿನಗಳಲ್ಲಿ ನಡೆಯುವುದೇನು? ನಾವೆಲ್ಲರೂ ಒಂದೇ ಒಂದು ಜೀವಕೋಶದಿಂದ ಬೆಳೆದವರು. ಅದು ಎರಡಾಗಿ, ನಾಲ್ಕಾಗಿ, ಲಕ್ಷಾಂತರವಾಗುತ್ತದೆ. ಎಲ್ಲ ಕೋಶಗಳಲ್ಲೂ ಇರುವ ವಂಶವಾಹಿಗಳು ಒಂದೇ. ಆದರೂ ಒಂದು ಕೋಶ ನರವಾಗುತ್ತದೆ, ಇನ್ನೊಂದು ಚರ್ಮವಾಗುತ್ತದೆ. ಈ ಹಣೆಬರಹವನ್ನು ಬರೆಯುವುದು ಅಕ್ಕಪಕ್ಕದ ಕೋಶಗಳು ಕಳಿಸುವ ರಾಸಾಯನಿಕ ಸಂಕೇತಗಳು.

ನಮ್ಮ ಕಡೆಯ ನಾಲೆಯನ್ನೇ ನೋಡಿ. ನೀರು ಧಾರಾಳವಾಗಿ ಹರಿಯುವಲ್ಲಿ ಭತ್ತ, ನೀರು ತಲುಪದ ಕಡೆ ರಾಗಿ, ಹುರುಳಿ. ಯಾವ ಹೊಲದಲ್ಲಿ ಯಾವ ಬೆಳೆ ಎಂಬುದನ್ನು ಸಿಗುವ ನೀರು ತೀರ್ಮಾನಿಸುತ್ತದೆ. ಭ್ರೂಣದಲ್ಲೂ ಹೀಗೆಯೇ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳದ ಒಂದು ಬದಿಯಿಂದ 'ಸೋನಿಕ್ ಹೆಡ್ಜ್‌ಹಾಗ್' ಎಂಬ ಪ್ರೋಟೀನು ಹರಡುತ್ತದೆ. ಅದು ಹೆಚ್ಚಾಗಿ ಸಿಕ್ಕ ಕಡೆ ಕೈಕಾಲು ಆಡಿಸುವ ನರಕೋಶಗಳು ಹುಟ್ಟುತ್ತವೆ. ಎದುರು ಬದಿಯಲ್ಲಿ 'ಬಿಎಂಪಿ' ಎಂಬ ಬೇರೆ ಸಂಕೇತದ ಪ್ರಭಾವವಿದ್ದು, ಅಲ್ಲಿನ ಕೋಶಗಳು ಸ್ಪರ್ಶ, ನೋವುಗಳ ಸುದ್ದಿ ಮುಟ್ಟಿಸುವ ಕೆಲಸಕ್ಕೆ ನಿಲ್ಲುತ್ತವೆ.

ಹೆಡ್ಜ್‌ಹಾಗ್ ಎಂದರೆ ಮೈತುಂಬ ಮುಳ್ಳಿರುವ ಒಂದು ಪುಟ್ಟ ಪ್ರಾಣಿ. ಹಣ್ಣಿನ ನೊಣದ ಒಂದು ವಂಶವಾಹಿ ಕೆಟ್ಟರೆ ಅದರ ಮರಿಹುಳು ಹಾಗೆ ಕಾಣುತ್ತಿದ್ದುದರಿಂದ ಈ ಹೆಸರು. 1980ರಲ್ಲಿ ಇದನ್ನು ಪ್ರಕಟಿಸಿದ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ 1995ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಜೀವಕೋಶಗಳ ಈ ಸಂಕೇತಗಳನ್ನು ಕುರಿತು ಸಂಶೋಧನೆ ನಡೆದಿದೆ.

ನೀರೊಂದಿದ್ದರೆ ಬೆಳೆ ಬಾರದು, ಗೊಬ್ಬರವೂ ಬೇಕು. ಹಾಗೆಯೇ ಸಂಕೇತ ಬಂದರೆ ಸಾಲದು. ಕೋಶಗಳು ಬೇಗ ಬೇಗ ವಿಭಜನೆಯಾಗಿ ನರನಾಳ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ಎಂಬ ಬಿ ಜೀವಸತ್ವ ಬೇಕು. ಹಿಂದೆ ಇಂತಹ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮುಂಚಿನಿಂದಲೇ ಇದನ್ನು ಕೊಟ್ಟಾಗ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಏಳು ದೇಶಗಳ ಅಧ್ಯಯನವೊಂದು ತೋರಿಸಿತು.

ಆದರೆ ನಮ್ಮಲ್ಲಿ ಆಗುತ್ತಿರುವುದೇನು? ದೃಷ್ಟಿಯಾದೀತೆಂದು ಮೂರು ತಿಂಗಳು ತುಂಬುವವರೆಗೆ ಅನೇಕ ಮನೆಗಳಲ್ಲಿ ಬಾಯಿ ಬಿಡುವುದಿಲ್ಲ. ಆಮೇಲೆ ತಾಯಿ ಕಾರ್ಡ್, ಆಮೇಲೆ ಮಾತ್ರೆ. ಮುಟ್ಟು ನಿಂತು ಎರಡು ವಾರವಾಗುವಷ್ಟರಲ್ಲಿ ನರನಾಳದ ಕೆಲಸವೇ ಮುಗಿದಿರುತ್ತದೆ! ನಾನೂ ಎಷ್ಟೋ ವರ್ಷ ಬಸುರಿಯರು ಬಂದ ಮೇಲೆಯೇ ಮಾತ್ರೆ ಬರೆದುಕೊಡುತ್ತಿದ್ದೆ. ಅದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ.

ಮಗು ಬೇಕೆಂದು ಬಯಸುವ ಹೆಣ್ಣು ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ, ಗರ್ಭದ ಮೊದಲ ಮೂರು ತಿಂಗಳು ಪ್ರತಿದಿನ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯೂ ಗರ್ಭಧಾರಣೆಗೆ ಮೊದಲೇ ಆರಂಭಿಸಲು ಹೇಳುತ್ತದೆ. ಅಂಗಡಿಗಳಲ್ಲಿ 5 ಮಿಲಿಗ್ರಾಂ ಮಾತ್ರೆಯೂ ಸಿಗುವುದರಿಂದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಹಿಂದೆ ಇಂತಹ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮೂರ್ಛೆರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಮೂರ್ಛೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭಿಣಿಗೆ ಸಲ್ಲದು. ಅದು ಭ್ರೂಣದ ಸಂಕೇತವೊಂದನ್ನೇ ಹೋಲುವ ವಸ್ತುವಾದ್ದರಿಂದ ಕೋಶಗಳಿಗೆ ತಪ್ಪು ಆಜ್ಞೆ ಹೋಗುತ್ತದೆ.

ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಪದ್ಧತಿ ಒಳ್ಳೆಯದೇ. ನೀರಿಗಿಳಿದ ಜೀವಸತ್ವ ವ್ಯರ್ಥವಾಗುವುದಿಲ್ಲ. ಆದರೆ ಈ ಕಾಲದಲ್ಲಿ ಊಟವೊಂದನ್ನೇ ನಂಬಿ ಕೂರಬಾರದು.

ಮಾತ್ರೆ ತೆಗೆದುಕೊಂಡರೂ ಕೆಲವೊಮ್ಮೆ ದೋಷ ತಲೆದೋರಬಹುದು. ಆಗಲೂ ಅದು ಸೊಸೆಯ ತಪ್ಪಲ್ಲ. ಮದುವೆಯಲ್ಲಿ ಮಗಳಿಗೆ ಮಡಿಲಕ್ಕಿ ಕಟ್ಟುವ ತಾಯಂದಿರೇ, ಅದರ ಜೊತೆಗೆ ಈ ಮಾತ್ರೆಯ ವಿಷಯವನ್ನೂ ಆಕೆಯ ಕಿವಿಗೆ ಹಾಕಿ. ಅತ್ತೆಯಂದಿರೇ, ಗ್ರಹಣಕ್ಕೆ ಹೆದರುವುದನ್ನು ಬಿಟ್ಟು ಮೊದಲ 28 ದಿನಗಳನ್ನು ನೆನಪಿಡಿ.