ಮೆಟ್ಟಿಲ ಕೆಳಗೇ ಉಳಿದ ಗಿರಾಕಿ

ಕೋಟೇಶ್ವರದಿಂದ ದಕ್ಷಿಣಕ್ಕೆ ಬೀಜಾಡಿ, ಗೋಪಾಡಿ, ಕುಂಭಾಶಿ ಎಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುವವರು ಇಕ್ಕೆಲದ ಅಂಗಡಿಸಾಲನ್ನು ಒಮ್ಮೆ ಮೆಟ್ಟಿಲುಗಳ ಲೆಕ್ಕದಲ್ಲಿ ನೋಡಬೇಕೆಂದು ನಮ್ಮ ವಿನಂತಿ. ಬೇಕರಿ, ದಿನಸಿ ಅಂಗಡಿ, ಚಹಾದ ಹೋಟೆಲು, ತರಕಾರಿ ಮಳಿಗೆ ಯಾವುದೇ ಇರಲಿ, ರಸ್ತೆಯ ಮಟ್ಟದಿಂದ ನೇರವಾಗಿ ಒಳಹೋಗಬಹುದಾದದ್ದು ವಿರಳ. ಕೆಲವೆಡೆ ಒಂದು ಮೆಟ್ಟಿಲು, ಕೆಲವೆಡೆ ಮೂರು. ಮೆಟ್ಟಿಲಿಗೂ ಮೊದಲು ಚರಂಡಿ, ಅದರ ಮೇಲೆ ಅಲುಗಾಡುವ ಕಲ್ಲುಚಪ್ಪಡಿ.

ಇದಕ್ಕೆ ಕಾರಣಗಳು ಇಲ್ಲದೆ ಇಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಆಷಾಢದ ನೀರು ಅಕ್ಕಿಮೂಟೆಗೆ ತಾಗಬಾರದೆಂದು ಪಂಚಾಂಗವನ್ನು ಎತ್ತರಿಸಿ ಕಟ್ಟುವುದು ಇಲ್ಲಿಯ ಹಿರಿಯರ ವಿವೇಕ. ಆ ಮೇಲೆ ಹೆದ್ದಾರಿ ಚತುಷ್ಪಥವಾಯಿತು. ಅಂಗಡಿಗಳ ಮುಂದಿದ್ದ ಅಂಗಳ ರಸ್ತೆಯ ಪಾಲಾಯಿತು. ಮೊದಲು ಇಳಿಜಾರಾಗಿ ಹತ್ತುತ್ತಿದ್ದ ಜಾಗ ಕುಗ್ಗಿ ನೆಟ್ಟಗಿನ ಮೆಟ್ಟಿಲಷ್ಟೇ ಉಳಿಯಿತು. ಅಂಗಡಿಯ ಯಜಮಾನ ಹಲವು ವೇಳೆ ಬಾಡಿಗೆದಾರ. ಕಟ್ಟಡದ ಒಡೆಯ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವವನು. ಆದ್ದರಿಂದ ಯಾರನ್ನೂ ದುಷ್ಟರೆಂದು ಕರೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕಾರಣ ತಿಳಿದೊಡನೆ ಹೊಣೆಯೂ ಹರಿದುಹೋಗುವುದೆಂದು ನಾವು ಒಪ್ಪಲಾರೆವು.

ಕೆಲವು ಸಮಯದ ಹಿಂದೆ ನಮ್ಮ ಪರಿಚಯದ ಸಜ್ಜನರೊಬ್ಬರ ಜೊತೆ ಹೆದ್ದಾರಿ ಬದಿಯ ಒಂದು ಬೇಕರಿಗೆ ಹೋಗುವ ಪ್ರಸಂಗ ಒದಗಿತು. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ಅವರು. ಹಿಂಬದಿಗೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರನ್ನು ತಾವೇ ನಡೆಸುತ್ತಾರೆ. ಸಂಸಾರವನ್ನೂ ತಾವೇ ನಡೆಸುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ ಕೇಕು ಕೊಳ್ಳುವುದಿತ್ತು. ಮೆಟ್ಟಿಲ ಬಳಿ ಸ್ಕೂಟರು ನಿಲ್ಲಿಸಿ ಎರಡು ಬಾರಿ ಹಾರ್ನ್ ಹಾಕಿದರು. ಗಾಜಿನ ಕಪಾಟಿನ ಹಿಂದಿದ್ದ ಹುಡುಗ ನೋಡಿದ, ಬರಲಿಲ್ಲ. ನಾವು ಮೆಟ್ಟಿಲು ಹತ್ತಿದ ಮೇಲೆ ನಮ್ಮನ್ನೇ ಕೇಳಿದ: "ಇವರಿಗೆ ಎಂತ ಬೇಕಂತೆ?" ಅವರು ಹತ್ತು ಅಡಿ ದೂರದಲ್ಲಿದ್ದರು, ಕಿವಿ ಚೆನ್ನಾಗಿಯೇ ಕೇಳುತ್ತದೆ. ಯಾವ ಯಾವ ಬಗೆ ಇದೆ, ತೋರಿಸಬಹುದೇ ಎಂದು ಕೆಳಗಿನಿಂದ ಕೇಳಿದರು. ಹುಡುಗ ಒಂದನ್ನು ಆರಿಸಿ, ಡಬ್ಬಿಯಲ್ಲಿಟ್ಟು, ದಾರ ಕಟ್ಟಿ ತಂದ. "ಇದೇ ಒಳ್ಳೆಯದುಂಟು" ಎಂದ. ಹಣವನ್ನು ಅವರಿಂದ ತೆಗೆದುಕೊಂಡು ಚಿಲ್ಲರೆಯನ್ನು ನಮ್ಮ ಕೈಗೆ ಕೊಟ್ಟ.

ಹುಡುಗ ಒರಟನೇನೂ ಅಲ್ಲ. ಯಜಮಾನರ ಬಳಿ ಈ ವಿಷಯ ಪ್ರಸ್ತಾಪಿಸಿದಾಗ ಅವರೂ ಸೌಜನ್ಯದಿಂದಲೇ ಮಾತಾಡಿದರು. "ನಾವೇ ಕೆಳಗೆ ತಂದು ಕೊಡುತ್ತೇವಲ್ಲ ಫಾದರ್, ಅವರು ಯಾಕೆ ಹತ್ತಬೇಕು?" ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮೂರಿನ ನೂರು ಅಂಗಡಿಗಳಲ್ಲಿ ಕೇಳಿದರೆ ತೊಂಬತ್ತರಲ್ಲಿ ಇದೇ ಉತ್ತರ ಬಂದೀತು, ಪ್ರಾಮಾಣಿಕವಾಗಿಯೇ ಬಂದೀತು. ಆದುದರಿಂದಲೇ ಅದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಬ್ರಿಟನ್ನಿನ ಬಿಬಿಸಿ ರೇಡಿಯೋದಲ್ಲಿ 1977ರಿಂದ 1998ರ ವರೆಗೆ ಅಂಗವಿಕಲರಿಗಾಗಿ ಒಂದು ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ಅದರ ಹೆಸರು 'ಅವರು ಸಕ್ಕರೆ ಹಾಕಿಕೊಳ್ಳುತ್ತಾರೆಯೇ?' ಎಂದು. ಗಾಲಿಕುರ್ಚಿಯಲ್ಲಿ ಕುಳಿತವನ ಚಹಾದ ರುಚಿಯನ್ನು ಕುರ್ಚಿ ತಳ್ಳುವವನ ಬಳಿ ವಿಚಾರಿಸುವ ಅಭ್ಯಾಸವನ್ನೇ ಆ ಹೆಸರು ಹಿಡಿದುಕೊಟ್ಟಿತ್ತು. ಇದು ನಮ್ಮ ಕರಾವಳಿಯ ದೋಷ ಮಾತ್ರವಲ್ಲ ಎಂಬ ಸಮಾಧಾನ ಬೇಕಾದವರಿಗೆ ಅದು ಅಲ್ಲಿದೆ. ನಮಗಂತೂ ಕಾಣುವುದು ಇಷ್ಟು: ಅಂಗಡಿಯೆಂದರೆ ಆರಿಸುವ ಸ್ಥಳ. ಬದನೆಯನ್ನು ಹಿಚುಕಿ ನೋಡಿ, ಅಕ್ಕಿಯ ಕಾಳನ್ನು ಅಂಗೈಯಲ್ಲಿ ಉರುಳಿಸಿ, ನೇಂದ್ರ ಬೇಡ ಕದಳಿ ಕೊಡಿ ಎಂದು ಮನಸ್ಸು ಬದಲಾಯಿಸುವ ಸ್ವಾತಂತ್ರ್ಯವಿರುವ ಸ್ಥಳ. ಕೆಳಗೆ ನಿಂತವನಿಗೆ ಸರಕು ಸಿಗುತ್ತದೆ, ಆಯ್ಕೆ ಸಿಗುವುದಿಲ್ಲ. ಬೆಲೆಯನ್ನು ಮಾತ್ರ ಎಲ್ಲರಷ್ಟೇ ಕೊಡುತ್ತಾನೆ.

ಹೊರಗೇ ನಿಲ್ಲಿಸಿ ಕೊಡುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನಪಿಸದೆ ವಿಧಿಯಿಲ್ಲ. ಕೆಲವು ಜಾತಿಗಳವರಿಗೆ ಅಂಗಳದಲ್ಲಿಯೇ, ಗೆರಟೆಯಲ್ಲಿಯೋ ಪ್ರತ್ಯೇಕ ಲೋಟದಲ್ಲಿಯೋ ಎತ್ತರದಿಂದ ಸುರಿದು ಕೊಡುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 'ನಾವು ಕೊಡುತ್ತೇವಲ್ಲ, ಅವರು ಯಾಕೆ ಒಳಗೆ ಬರಬೇಕು' ಎಂಬ ಮಾತು ಆಗಲೂ ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಉಪವಿಧಿಯು ಅಂಗಡಿ, ಹೋಟೆಲು, ಉಪಾಹಾರಗೃಹಗಳ ಪ್ರವೇಶವನ್ನು ಹೆಸರಿಸಿಯೇ ಹೇಳುತ್ತದೆ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಲ್ಲಿಂದ ತಡೆಯಬಾರದು. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆ ಅಂಥ ತಡೆಯನ್ನು ಶಿಕ್ಷಾರ್ಹವಾಗಿಸಿತು. ದೇಶದ ಮೂಲಶಾಸನವೊಂದು ಚಹಾದಂಗಡಿಯ ಬಾಗಿಲ ತನಕ ಬಂದು ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಪಟ್ಟಿಯಲ್ಲಿ ಕಾಲಿಲ್ಲದವನ, ಕಣ್ಣಿಲ್ಲದವನ ಪ್ರಸ್ತಾಪ ಇರಲಿಲ್ಲ.

ಈ ಹೋಲಿಕೆಯಿಂದ ನಮ್ಮ ಬೇಕರಿಯ ಯಜಮಾನರಿಗೆ ನೋವಾಗಬಹುದು. ಅವರ ಮನಸ್ಸಿನಲ್ಲಿ ತಿರಸ್ಕಾರವಿಲ್ಲ, ಕನಿಕರವಿದೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಸಂತ ಥಾಮಸ್ ಅಕ್ವಿನಾಸರು ನ್ಯಾಯವನ್ನು ಇತರ ಸದ್ಗುಣಗಳಿಂದ ಬೇರ್ಪಡಿಸಿ ಹೇಳಿದ ಒಂದು ಮಾತು ಇಲ್ಲಿ ಉಪಯುಕ್ತ. ಸಂಯಮ, ಧೈರ್ಯ ಮುಂತಾದವುಗಳ ಅಳತೆ ಅವುಗಳನ್ನು ಆಚರಿಸುವವನ ಅಂತರಂಗವನ್ನು ಅವಲಂಬಿಸಿರುತ್ತದೆ. ನ್ಯಾಯದ ಅಳತೆಯಾದರೋ ಹೊರಗೆ, ಇನ್ನೊಬ್ಬನಿಗೆ ಸಂದ ವಸ್ತುವಿನಲ್ಲಿಯೇ ಇರುತ್ತದೆ ಎಂಬುದು ಅವರ ವಿಚಾರ. ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಕ್ಕಡಿ ಅವರ ಕೈಯಲ್ಲೇ ಇದೆ. ಒಂದು ಕಿಲೋ ಬೇಳೆಯಲ್ಲಿ ನೂರು ಗ್ರಾಂ ಕಡಿಮೆಯಾದರೆ ಮುಗುಳ್ನಗೆ ಸೇರಿಸಿ ಅದನ್ನು ತುಂಬಲಾಗದು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದೆಂಬ ವಿಧಿಯೂ, ತೂಕದ ಕಲ್ಲು ಸರಿಯಾಗಿರಬೇಕೆಂಬ ವಿಧಿಯೂ ಒಟ್ಟಿಗೇ ಇವೆ. ನಮ್ಮ ಜನ ಎರಡನೆಯದನ್ನು ಚೆನ್ನಾಗಿ ಬಲ್ಲರು.

ಶಾಸನ ಕೊನೆಗೂ ಬಂದಿದೆ. 1995ರದ್ದು ಮೊದಲನೆಯದು, ಅದರ ಸ್ಥಾನದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರಲ್ಲಿ 'ಸಾರ್ವಜನಿಕ ಕಟ್ಟಡ'ವೆಂದರೆ ಸರಕಾರಿ ಕಚೇರಿ ಮಾತ್ರವಲ್ಲ. ಜನರು ಬಂದುಹೋಗುವ ಖಾಸಗಿ ವಾಣಿಜ್ಯ ಕಟ್ಟಡವೂ ಅದೇ. (ಧಾರ್ಮಿಕ ಕಟ್ಟಡವೂ ಅದೇ ಎಂಬುದನ್ನು ನಮ್ಮ ಪಾಲನಾ ಮಂಡಳಿಗಳು ಗಮನಿಸಲಿ, ಆ ಮಾತು ಇನ್ನೊಂದು ವಾರಕ್ಕಿರಲಿ.) ನಿಯಮಗಳಿಗೆ ಅನುಗುಣವಾಗಿಲ್ಲದ ನಕ್ಷೆಗೆ ಹೊಸ ಕಟ್ಟಡದ ಪರವಾನಿಗೆ ಕೊಡಬಾರದು. ಹಳೆಯ ಕಟ್ಟಡಗಳಿಗೆ ನಿಯಮ ಪ್ರಕಟವಾದಲ್ಲಿಂದ ಐದು ವರ್ಷಗಳ ಗಡುವಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು ತೀರಿದ್ದು 2022ರಲ್ಲಿ. ಕಾಯಿದೆಯನ್ನು ಮೀರಿದರೆ ಮೊದಲ ಸಲ ಹತ್ತು ಸಾವಿರದ ವರೆಗೆ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷ ರೂಪಾಯಿಗಳ ವರೆಗೆ ದಂಡ. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ ಪ್ರವೇಶದ ನಿಯಮವು ಬರೀ ಸಲಹೆಯ ರೂಪದಲ್ಲಿರುವುದು ಕಾಯಿದೆಯ ಆಶಯಕ್ಕೇ ವಿರುದ್ಧವೆಂದು ಹೇಳಿ, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಬೀಜಾಡಿಯ ಮೆಟ್ಟಿಲಿಗೂ ದೆಹಲಿಯ ಆ ತೀರ್ಪಿಗೂ ನೇರ ಸಂಬಂಧವಿದೆ.

ಹೆಸರುಗಳನ್ನಂತೂ ನಾವು ಬಹಳ ಬೇಗ ಬದಲಾಯಿಸಿದ್ದೇವೆ. ಅಂಗವಿಕಲರು ವಿಕಲಚೇತನರಾದರು, 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ದಿವ್ಯಾಂಗರೆಂಬ ಶಬ್ದ ಸೂಚಿಸಿದರು. ತತ್ತ್ವಶಾಸ್ತ್ರ ಓದಿದವರಿಗೆ 'ವಿಕಲಚೇತನ'ವೆಂಬುದು ಗಂಟಲಲ್ಲಿ ಇಳಿಯದ ಶಬ್ದ. ವಿಕಲವಾದದ್ದು ಕಾಲು; ಚೇತನಕ್ಕೆ ಏನಾಗಿದೆ? ಅದಿರಲಿ. ಮೂರು ಹೆಸರುಗಳು ಬಂದುಹೋದರೂ ಮೆಟ್ಟಿಲಿನ ಎತ್ತರ ಒಂದು ಇಂಚೂ ತಗ್ಗಲಿಲ್ಲ.

ತಗ್ಗಿಸುವುದು ಕಷ್ಟವೇ? ಕೇಂದ್ರ ಸರಕಾರದ ಮಾರ್ಗಸೂಚಿಯ ಪ್ರಕಾರ ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು. ಆರು ಇಂಚು ಎತ್ತರದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಸಾಕು. ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ. ನೇರವಾಗಿ ಜಾಗವಿಲ್ಲದಿದ್ದರೆ ಗೋಡೆಯ ಬದಿಗೆ ಹಾಯಿಸಬಹುದು. ನಮ್ಮ ಮಳೆಗೆ ನುಣುಪು ಸಿಮೆಂಟು ಅಪಾಯ. ಮೇಲ್ಮೈ ಗೀರುಗೀರಾಗಿರಬೇಕು, ಒಂದು ಬದಿಗೆ ಹಿಡಿಕೆ ಬೇಕು. ಅಂಗಳವೇ ಇಲ್ಲದವರು ಬೇಕಾದಾಗ ಇಟ್ಟು ತೆಗೆಯುವಂಥ ಕಬ್ಬಿಣದ ಹಲಗೆಯನ್ನು ವೆಲ್ಡಿಂಗಿನವರಿಂದ ಮಾಡಿಸಿಕೊಳ್ಳಬಹುದು. ಬಾಗಿಲು 900 ಮಿ.ಮೀ., ಅಂದರೆ ಸುಮಾರು ಮೂರಡಿ ತೆರವಾಗಿದ್ದರೆ ಗಾಲಿಕುರ್ಚಿ ಒಳಬರುತ್ತದೆ. ಎಷ್ಟೋ ಕಡೆ ಬಾಗಿಲು ಅಷ್ಟು ಅಗಲವೇ ಇದೆ. ಆದರೆ ಅರ್ಧವನ್ನು ಎಣ್ಣೆ ಡಬ್ಬಿ, ಸೋಡಾ ಪೆಟ್ಟಿಗೆಗಳು ಆಕ್ರಮಿಸಿವೆ. ಇಳಿಜಾರು ಕಟ್ಟಿಸಿದ ಕೆಲವೇ ಕೆಲವು ಕಡೆಗಳಲ್ಲಿ ಅದರ ಬುಡಕ್ಕೆ ಅಡ್ಡವಾಗಿ ಬೈಕು ನಿಲ್ಲಿಸುವವರು ನಾವೇ, ಗಿರಾಕಿಗಳು. ಈ ಪಾಪದಲ್ಲಿ ವ್ಯಾಪಾರಿಗೆ ಪಾಲಿಲ್ಲ.

ಇಷ್ಟು ಮಂದಿಗಾಗಿ ಇಷ್ಟು ಖರ್ಚೇ ಎಂಬ ಪ್ರಶ್ನೆ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13.24 ಲಕ್ಷ. ಕರಾವಳಿಯ ಮೂರು ಜಿಲ್ಲೆಗಳ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸುವಷ್ಟರಲ್ಲಿ ಎಷ್ಟು ಮನೆಗಳಲ್ಲಿ ಏಳಲಾರದ ಮಕ್ಕಳನ್ನು ಬಿಟ್ಟುಹೋಗಿತ್ತು ಎಂಬುದನ್ನು ಈ ಪ್ರದೇಶದವರಿಗೆ ಹೇಳಬೇಕಾಗಿಲ್ಲ. ಮರದಿಂದ ಬಿದ್ದವರು, ದೋಣಿಯಲ್ಲಿ ಗಾಯಗೊಂಡವರು, ಇದೇ ಹೆದ್ದಾರಿಯ ಅಪಘಾತಗಳಲ್ಲಿ ಬದುಕಿ ಉಳಿದವರು ಬೇರೆ. ಇನ್ನು ನಮ್ಮ ಕಥೋಲಿಕ ಕುಟುಂಬಗಳನ್ನೇ ನೋಡೋಣ. ಮಕ್ಕಳು ದುಬಾಯಿ, ಮಸ್ಕತ್ತುಗಳಲ್ಲಿ. ದೊಡ್ಡ ಮನೆಯಲ್ಲಿ ಮಂಡಿ ನೋವಿನ ತಾಯಿ, ಕೋಲೂರಿದ ತಂದೆ. ಅಲ್ಲಿಯ ಮಳಿಗೆಗಳಲ್ಲಿ ಗಾಲಿ ತಳ್ಳಿಕೊಂಡು ಸಲೀಸಾಗಿ ತಿರುಗುವ ಮಗ ರಜೆಗೆ ಬಂದಾಗ ತಾಯಿಯನ್ನು ಕಾರಿನಲ್ಲೇ ಕೂರಿಸಿ ತಾನೊಬ್ಬನೇ ಅಂಗಡಿಗೆ ಹೋಗುತ್ತಾನೆ. ಅಮ್ಮನಿಗೆ ಏನು ಬೇಕೆಂದು ತನಗೆ ಗೊತ್ತಿದೆಯೆಂದು ಅವನ ನಂಬಿಕೆ.

ಅಂಗಡಿಯ ಒಳಗೆ, ಅದೂ ಕಪಾಟಿನ ಆಚೆಯ ಬದಿಯಲ್ಲೇ ಅಂಗವಿಕಲರಿಗೆ ಸ್ಥಾನ ಕೊಟ್ಟವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅಲೀನಾ ಆಲಂ ಎಂಬ ತರುಣಿ 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ ತೆರೆದ 'ಮಿಟ್ಟಿ ಕೆಫೆ'ಯಲ್ಲಿ ಚಹಾ ಮಾಡುವವರೂ, ತಂದಿಡುವವರೂ, ಲೆಕ್ಕ ಬರೆಯುವವರೂ ಅಂಗವೈಕಲ್ಯವುಳ್ಳವರೇ. 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲೇ ಅದರ ಒಂದು ಶಾಖೆಯನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಉದ್ಘಾಟಿಸಿದರು. ಅಂಥ ಅಂಗಡಿಯಲ್ಲಿ 'ಇವರಿಗೆ ಎಂತ ಬೇಕಂತೆ' ಎಂದು ಯಾರು ಯಾರನ್ನು ಕೇಳಬೇಕು?

ನಮ್ಮ ನೆರೆಯ ಬಸ್ರೂರು ಬಳಕೆದಾರರ ಚಳವಳಿಗೆ ಹೆಸರಾದ ಊರು. ತೂಕದಲ್ಲಿ ಮೋಸವಾದರೆ, ಬಿಲ್ಲು ಕೊಡದಿದ್ದರೆ ದೂರು ಬರೆಯುವ ಧೈರ್ಯವನ್ನು ಆ ಚಳವಳಿ ಈ ಭಾಗದ ಸಾಮಾನ್ಯರಿಗೆ ಕಲಿಸಿತು. ಮೆಟ್ಟಿಲಿನ ವಿಷಯದಲ್ಲಿ ದೂರಿಗಿಂತ ಮೊದಲು ಮಾತುಕತೆಯೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಆದರೆ ಮಾತನ್ನು ಸರಿಯಾದವರ ಬಳಿ ಆಡಬೇಕು. ಬಾಡಿಗೆಯ ಅಂಗಡಿಯಾದರೆ ಕಟ್ಟಡದ ಒಡೆಯನೊಡನೆ. ಹೊಸ ಕಟ್ಟಡ ಏಳುತ್ತಿದ್ದರೆ ಪರವಾನಿಗೆ ಕೊಡುವ ಗ್ರಾಮ ಪಂಚಾಯತಿನ ಸಭೆಯಲ್ಲಿ, ಪಂಚಾಂಗ ಕಟ್ಟುವುದಕ್ಕಿಂತ ಮೊದಲು. ಹುಡುಗನೊಡನೆ ಆಡಬೇಕಾದ ಮಾತು ಒಂದೇ: ಹಣ ಕೊಟ್ಟವರ ಮುಖ ನೋಡಿ ಮಾತಾಡಪ್ಪ, ಚಿಲ್ಲರೆಯನ್ನೂ ಅವರ ಕೈಗೇ ಕೊಡು. ಇದಕ್ಕೆ ಸಿಮೆಂಟೂ ಬೇಡ, ಪರವಾನಿಗೆಯೂ ಬೇಡ.

ಕ್ರಿಸ್ಮಸ್ ಸಮಯದಲ್ಲಿ ಈ ಭಾಗದ ಬೇಕರಿಗಳಿಗೆ ನಮ್ಮ ಮನೆಗಳಿಂದ, ವಾಳೆಗಳಿಂದ ಹೋಗುವ ಕೇಕಿನ ಆರ್ಡರು ಕಡಿಮೆಯೇನಲ್ಲ. ವಾಳೆಯ ಗುರಿಕಾರರು ದರ ಕೇಳುತ್ತಾರೆ, ತೂಕ ಕೇಳುತ್ತಾರೆ, ಎಷ್ಟು ದಿನ ಕೆಡದೆ ಉಳಿಯುತ್ತದೆಂದೂ ಕೇಳುತ್ತಾರೆ. ಈ ಸಲ ಮುಂಗಡ ಕೊಡುವ ಮೊದಲು, ಮೆಟ್ಟಿಲಿಗೊಂದು ಹಲಗೆ ಯಾವಾಗ ಬರುತ್ತದೆಂದು ವಿಚಾರಿಸಲಿ. ಅಳತೆ ತಿಳಿಯದೆಂದು ಯಜಮಾನರು ಹೇಳಿದರೆ ವಾಳೆಯ ಬಡಗಿಯೊಬ್ಬರನ್ನು ಜೊತೆಗೇ ಕರೆದೊಯ್ಯಬಹುದು.